ಗಂಟಲಿಗೆ ಅರಬ್ಬಿ, ಕಿವಿಗೆ ಕದಜ಼ಾನ್‌ದುಸುನ್: ಕನ್ನಡದ ನಾಲಿಗೆಯಿಂದ ಎರಡು ಭಾಷೆಗೆ ದಾರಿ

ಅರಬ್ಬಿ ಮತ್ತು ಕದಜ಼ಾನ್‌ದುಸುನ್, ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡುವವರು ಯಾರಪ್ಪಾ ಅಂತ ನಗಬಹುದು. ಸಬಾದಲ್ಲಿ ಯಾರೂ ನಗುವುದಿಲ್ಲ. ಸಬಾ ಅಂದರೆ ಬೋರ್ನಿಯೊ ದ್ವೀಪದ ಉತ್ತರ ತುದಿ, ಮಲೇಷ್ಯಾದ ಒಂದು ರಾಜ್ಯ. 4,095 ಮೀಟರ್ ಎತ್ತರದ ಕಿನಬಾಲು ಬೆಟ್ಟ ಇರುವ ಊರು. ಕದಜ಼ಾನ್‌ದುಸುನ್ ಅಲ್ಲಿನ ಮೂಲ ಜನರ ಭಾಷೆ: ಕರಾವಳಿಯವರದು ಕದಜ಼ಾನ್, ಬೆಟ್ಟದ ಕಡೆಯವರದು ದುಸುನ್. ಅಲ್ಲಿನ ಮುಸ್ಲಿಂ ದುಸುನ್ ಮನೆಯ ಮಗು ಅಜ್ಜಿ ಹತ್ತಿರ ದುಸುನ್ ಮಾತಾಡುತ್ತದೆ, ಅಂಗಡಿಯಲ್ಲಿ ಮಲಯ, ಶಾಲೆಯಲ್ಲಿ ಅರಬ್ಬಿ ಅಕ್ಷರ ತಿದ್ದುತ್ತದೆ. ಎರಡೂ ಸದ್ದು ಒಂದೇ ಬಾಯಲ್ಲಿ.

ನಾನು ಮೊದಲು ಗಲ್ಫ್‌ನಲ್ಲಿ ಕೆಲಸಕ್ಕಿದ್ದಾಗ ಅರಬ್ಬಿ ಹಿಡಿದೆ. ಕದಜ಼ಾನ್‌ದುಸುನ್ ಆಮೇಲೆ ಬಂತು. ಅರಬ್ಬಿಗೆ 28 ವ್ಯಂಜನ. ಕದಜ಼ಾನ್‌ದುಸುನ್‌ಗೆ ಎಲ್ಲ ಸೇರಿ 21 ಅಕ್ಷರ, ಅದೂ ಇಂಗ್ಲಿಷಿನ ಲಿಪಿಯಲ್ಲೇ. ಇದು ಸುಲಭ ಅಂದುಕೊಂಡು ಅದೇ ಹಳೇ ಪದ್ಧತಿಯಲ್ಲಿ, ಅಕ್ಷರದ ಪಟ್ಟಿ ಹಿಡಿದು ಬಾಯಿಪಾಠ ಮಾಡತೊಡಗಿದೆ. ಅಲ್ಲೇ ಎಡವಿದ್ದು. ಅರಬ್ಬಿಯ ಕಷ್ಟ ಬಾಯಲ್ಲಿದೆ, ಗಂಟಲಲ್ಲಿದೆ. ಕದಜ಼ಾನ್‌ದುಸುನ್‌ನ ಕಷ್ಟ ಕಿವಿಯಲ್ಲಿದೆ. ಎರಡಕ್ಕೂ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ಮೊದಲ ಹೆಜ್ಜೆ: ನಮ್ಮ ವರ್ಣಮಾಲೆಯನ್ನೇ ನಕ್ಷೆ ಮಾಡಿಕೊಳ್ಳಿ

ಹೊಸ ಪುಸ್ತಕ ಬೇಡ. ಒಂದನೇ ಕ್ಲಾಸಿನಲ್ಲಿ ಕಲಿತ ಕ ಚ ಟ ತ ಪ ಸಾಕು. ಇದು ಸುಮ್ನೆ ಜೋಡಿಸಿದ ಸಾಲಲ್ಲ. ಗಂಟಲ ಕಡೆಯಿಂದ ಹೊರಟು ತುಟಿಗೆ ಬಂದು ನಿಲ್ಲುವ ದಾರಿ. ಎಂಟನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ಅಲ್-ಖಲೀಲ್ ಎಂಬ ಪಂಡಿತ ಅರಬ್ಬಿಗೆ ನಿಘಂಟು ಕಟ್ಟಲು ಕೂತಾಗ ಇದೇ ಥರ ಮಾಡಿದ. ಅಲಿಫ್, ಬಾ, ತಾ ಅನ್ನುವ ರೂಢಿಯ ಸಾಲನ್ನು ಬದಿಗಿಟ್ಟು ಗಂಟಲಿನ ಆಳದಿಂದ ಶುರುಮಾಡಿ ತುಟಿಗೆ ಬಂದ. ಅವನ ಮೊದಲ ಅಕ್ಷರ ಐನ್, ಹಾಗಾಗಿ ನಿಘಂಟಿನ ಹೆಸರೂ ಐನ್‌ನ ಪುಸ್ತಕ ಎಂದೇ ಆಯಿತು.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ಕನ್ನಡದ ಐದು ವರ್ಗ ಬರೆಯಿರಿ. ಕ-ವರ್ಗದ ಎಡಕ್ಕೆ ಇನ್ನೂ ಎರಡು ಖಾಲಿ ಕೋಣೆ ಬಿಡಿ. ಒಂದು ಕಿರುನಾಲಿಗೆಯ ಜಾಗ, ಇನ್ನೊಂದು ಗಂಟಲಿನ ಆಳ. ಅರಬ್ಬಿಯ ತಲೆನೋವೆಲ್ಲ ಹೆಚ್ಚುಕಡಿಮೆ ಆ ಎರಡು ಕೋಣೆಯಲ್ಲಿದೆ. ಕದಜ಼ಾನ್‌ದುಸುನ್ ಬರೆಯಹೊರಟರೆ ಎಡಗಡೆಯ ಕೋಣೆಗಳಲ್ಲಿ ಒಂದು ಹ, ಒಂದು ಗಂಟಲ ತಡೆ (ಗಂಟಲಲ್ಲಿ ಗಾಳಿಯನ್ನು ಕ್ಷಣ ಕಡಿದು ನಿಲ್ಲಿಸುವ ಸದ್ದು) ಬಿಟ್ಟರೆ ಮತ್ತೇನೂ ಇಲ್ಲ. ಉಳಿದದ್ದೆಲ್ಲ ಕ-ವರ್ಗದಿಂದ ತುಟಿಯವರೆಗೆ.

ಎರಡನೇ ಹೆಜ್ಜೆ: ಮನೆಯಲ್ಲೇ ಬಿಟ್ಟು ಹೋಗಬೇಕಾದ ಸಾಮಾನು

ಟ ಡ ಣ ಳ, ಈ ನಾಲ್ಕನ್ನೂ ಬಿಡಿ. ನಾಲಿಗೆ ತುದಿ ಹಿಂದಕ್ಕೆ ಮಡಚುವ ಸದ್ದು ಎರಡು ಭಾಷೆಯಲ್ಲೂ ಇಲ್ಲ. ಬರಹದಲ್ಲಿ ಇಂಗ್ಲಿಷಿನ ಟಿ, ಡಿ ಕಂಡ ಕೂಡಲೇ ನಮ್ಮ ನಾಲಿಗೆ ಮಡಚಿಕೊಳ್ಳುತ್ತದೆ. ಕದಜ಼ಾನ್‌ದುಸುನ್‌ನಲ್ಲಿ ಮೂರಕ್ಕೆ ತೊಲು, ಟೊಲು ಅಲ್ಲ.

ಮಹಾಪ್ರಾಣವೂ ಬೇಡ. ಖ, ಘ, ಧ, ಭ ಎರಡರಲ್ಲೂ ಇಲ್ಲ. ಮಹಾಪ್ರಾಣ ಸರಿಯಾಗಿ ಹೇಳಲ್ಲ ಅಂತ ಮೇಷ್ಟ್ರ ಹತ್ತಿರ ಬೈಸಿಕೊಂಡವರಿಗೆ ಇಲ್ಲಿ ಮೊದಲ ಬಾರಿ ಲಾಭ.

ಇನ್ನೊಂದು ನಮ್ಮ ರಕ್ತದಲ್ಲೇ ಇರುವ ಅಭ್ಯಾಸ: ಪದದ ಕೊನೆಗೆ ಉ ಅಂಟಿಸುವುದು. ಬಸ್ಸು, ಕಾರು, ಪೆನ್ನು. ಅರಬ್ಬಿಯಲ್ಲಿ ಈ ಉ ಸುಮ್ಮನೆ ಕೂರುವುದಿಲ್ಲ. ಶಿಷ್ಟ ಅರಬ್ಬಿಯಲ್ಲಿ ಕೊನೆಯ ಉ ಅಂದರೆ ಪ್ರಥಮಾ ವಿಭಕ್ತಿ! ಎಲ್ಲಿಂದೆಲ್ಲಿಗೋ ಅಂಟಿಸಿದರೆ ವ್ಯಾಕರಣವೇ ಕೆಡುತ್ತದೆ. ಕದಜ಼ಾನ್‌ದುಸುನ್‌ನಲ್ಲಿ ಹತ್ತಕ್ಕೆ ಹೊಪೊದ್, ನೀರಿಗೆ ವಾಇಗ್. ಕೊನೆಯ ದ್, ಗ್ ಹೇಳಿ ಬಾಯಿ ಅಲ್ಲೇ ಮುಚ್ಚಬೇಕು. ಹೊಪೊದು ಅಂದರೆ ಎದುರಿಗಿರುವವರು ಮುಂದೇನೋ ಬರುತ್ತದೆ ಅಂತ ಕಾಯುತ್ತಾರೆ.

ನಮ್ಮ ಹಳೇ ಸಾಲದ ಪದಗಳಲ್ಲೇ ಇದಕ್ಕೆ ಅಭ್ಯಾಸ ಇದೆ. ಅಸಲು, ನಕಲು, ಫಸಲು, ಮೂರೂ ಅರಬ್ಬಿಯಿಂದ ಪಾರ್ಸಿ ದಾರಿಯಲ್ಲಿ ಬಂದವು. ಅಲ್ಲಿ ಅವು ಅಸ್ಲ್, ನಕ಼್ಲ್, ಫ಼ಸ್ಲ್. ನಾವು ನಡುವೆ ಒಂದು ಅ ತುರುಕಿದೆವು, ಕೊನೆಗೆ ಒಂದು ಉ ಹಚ್ಚಿದೆವು. ಈಗ ಅದನ್ನೇ ಹಿಂದಕ್ಕೆ ಮಾಡಿ. ಅಸಲು, ಅಸಲ್, ಅಸ್ಲ್. ದಿನಕ್ಕೆ ಹತ್ತು ಸಲ ಸಾಕು.

ಕೊನೆಯದು, ಬಹಳ ಜನಕ್ಕೆ ಗೊತ್ತೇ ಆಗದ್ದು. ಒಂದು ಎನ್ನುವಾಗ ನಮ್ಮಲ್ಲಿ ಎಷ್ಟೋ ಜನರ ಬಾಯಲ್ಲಿ ಬರುವುದು ವೊಂದು. ಎಲೆ ಎನ್ನುವಾಗ ಯೆಲೆ. ಕನ್ನಡದಲ್ಲಿ ಅದರಿಂದ ಅರ್ಥ ಕೆಡುವುದಿಲ್ಲ. ಕದಜ಼ಾನ್‌ದುಸುನ್‌ನಲ್ಲಿ ಆರಕ್ಕೆ ಒನೊಮ್. ಅಲ್ಲಿ ವಕಾರ ಬೇರೆಯೇ ಅಕ್ಷರ, ಅದನ್ನು ಮುಂದೆ ತಗುಲಿಸಿ ವೊನೊಮ್ ಅಂದರೆ ಇಲ್ಲದ ಪದವಾಗುತ್ತದೆ. ಒ ಹೇಳುವ ಮೊದಲು ತುಟಿ ಅಲುಗದಂತೆ ಕನ್ನಡಿ ನೋಡಿಕೊಂಡು ಹೇಳಿ.

ಮೂರನೇ ಹೆಜ್ಜೆ: ಅರಬ್ಬಿಯ ಗಂಟಲು

ಇದಕ್ಕೆ ಸಮಯ ಕೊಡಿ. ಬೇರೆ ಎಲ್ಲದಕ್ಕಿಂತ ಜಾಸ್ತಿ ಕೊಡಿ. ಅರಬ್ಬಿಯಲ್ಲಿ ಅರ್ಥದ ಬೇರು ವ್ಯಂಜನದಲ್ಲಿದೆ. ಕ, ತ, ಬ ಮೂರು ಸೇರಿದರೆ ಬರವಣಿಗೆಗೆ ಸಂಬಂಧಪಟ್ಟ ಪದಗಳು: ಕಿತಾಬ್ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಕಚೇರಿ. ಸ್ವರ ಬದಲಾದರೂ ಬೇರು ಉಳಿಯುತ್ತದೆ. ವ್ಯಂಜನ ತಪ್ಪಿದರೆ ಇನ್ನೊಂದು ಬೇರಿಗೇ ಹೋಗಿ ಬೀಳುತ್ತೀರಿ.

ಕ್ಲಾಸಿನಲ್ಲಿ ಒಮ್ಮೆ ನನ್ನ ಹೃದಯ ತುಂಬಿ ಬಂತು ಅಂತ ಹೇಳಲು ಹೋಗಿ ನನ್ನ ನಾಯಿ ತುಂಬಿ ಬಂತು ಅಂದಿದ್ದೆ. ಹೃದಯಕ್ಕೆ ಕ಼ಲ್ಬ್, ನಾಯಿಗೆ ಕಲ್ಬ್. ಅಕ್ಷರದ ಕೆಳಗೆ ಚುಕ್ಕೆ ಇಟ್ಟದ್ದು ಹಿಂದಿನ ಕ. ನಮ್ಮ ಕ ಹೇಳುವಾಗ ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಾಗುತ್ತದೆ. ಅಲ್ಲಿಂದ ಇನ್ನೂ ಹಿಂದಕ್ಕೆ, ಕಿರುನಾಲಿಗೆ ನೇತಾಡುವ ಜಾಗಕ್ಕೆ ತಾಗಿಸಿದರೆ ಚುಕ್ಕೆಯ ಕ. ಎರಡೂ ನಿಮಗೆ ಗೊತ್ತಿರುವ ಪದದಲ್ಲೇ ಇವೆ. ವಕೀಲನ ಕ ಸಾದಾ ಕ. ಹಕ್ಕು, ಬಾಕಿ, ತಾಲ್ಲೂಕು, ಇವುಗಳ ಕ ಅರಬ್ಬಿಯಲ್ಲಿ ಹಿಂದಿನ ಕ. ವಕೀಲ, ಹಕ್ಕು, ವಕೀಲ, ಹಕ್ಕು ಅಂತ ಒಂದರ ಹಿಂದೆ ಒಂದು ಹೇಳಿ ನೋಡಿ. ಗಲ್ಫ್‌ಗೆ ಹೋಗುವವರಿಗೆ ಒಂದು ಮಾತು: ಅಲ್ಲಿನ ಬೀದಿಯಲ್ಲಿ ಈ ಚುಕ್ಕೆಯ ಕ ಬಹಳ ಕಡೆ ಗ ಆಗುತ್ತದೆ. ಹೃದಯಕ್ಕೆ ಗಲ್ಬ್. ಕೈರೋದಲ್ಲಾದರೆ ಅದು ಮಾಯವಾಗಿ ಗಂಟಲ ತಡೆ ಮಾತ್ರ ಉಳಿಯುತ್ತದೆ. ಪುಸ್ತಕ ತಪ್ಪು ಅಂತಲ್ಲ. ಪುಸ್ತಕದ್ದು ಶಿಷ್ಟ ರೂಪ.

ಹ ಥರದ್ದು ಮೂರಿವೆ. ಒಂದು ನಮ್ಮದೇ ಹ, ಹವಾ ಪದದ್ದು. ಎರಡನೆಯದು ಗಂಟಲನ್ನು ಬಿಗಿದು ಬಿಡುವ ಹ. ಖಾರದ ಮಿರ್ಚಿ ಬಜ್ಜಿ ಕಚ್ಚಿದ ಮೇಲೆ ಬಾಯಿ ತೆರೆದು ಹಾ... ಅಂತ ಬಿಡುತ್ತೀರಲ್ಲ, ಅದು. ಹಕ್ಕು, ಹಾಜರು, ಹಲ್ವಾ, ಸಾಹೇಬ, ಎಲ್ಲದರ ಮೂಲದಲ್ಲೂ ಈ ಬಿಗಿ ಹ ಇದೆ. ಮೂರನೆಯದು ಖ಼: ಕಫ ಕಿತ್ತು ಖಾಕರಿಸುವ ಸದ್ದು. ಖಾಲಿ ಪದದ್ದು. ಕಲಬುರಗಿ, ವಿಜಯಪುರದ ಕಡೆ ಉರ್ದು ಕಿವಿಗೆ ಬೀಳುತ್ತಾ ಬೆಳೆದವರಿಗೆ ಇದು ಈಗಾಗಲೇ ಬರುತ್ತದೆ. ಅದಕ್ಕೇ ದನಿ ಸೇರಿಸಿದರೆ ಗ಼, ನೀರು ಮುಕ್ಕಳಿಸುವ ಸದ್ದು, ಗರೀಬನ ಗ.

ನನ್ನ ಹಾಗೆ ಹಳೇ ಮೈಸೂರು ಕಡೆಯವರಿಗೆ ಒಂದು ಎಚ್ಚರ. ಹಾಲನ್ನು ಆಲು ಅನ್ನುವ ಬಾಯಿಗೆ ಮೂರು ಹಕಾರ ಕಲಿಯುವ ಮೊದಲು ಒಂದು ಹಕಾರ ಗಟ್ಟಿಯಾಗಬೇಕು. ಇದು ತಮಾಷೆಯಲ್ಲ. ಕದಜ಼ಾನ್‌ದುಸುನ್‌ಗೂ ಇದೇ ಹ ಬೇಕು.

ಇನ್ನು ಐನ್. ಕಲಿಸುವವರು ಒಂಟೆ ಅಂತಲೋ ಕುರಿ ಅಂತಲೋ ಏನೇನೋ ಹೇಳುತ್ತಾರೆ. ನನಗೆ ಕೆಲಸ ಮಾಡಿದ್ದು ಡಾಕ್ಟರ ಕಡ್ಡಿ. ಗಂಟಲು ನೋಡಲು ಕಡ್ಡಿಯಿಂದ ನಾಲಿಗೆ ಒತ್ತಿ ಆ ಅನ್ನಿ ಅಂತಾರಲ್ಲ, ಆಗ ಒಳಗೆ ಹಿಂಡಿದ ಹಾಗೆ ಒಂದು ಆ ಬರುತ್ತದೆ. ಚಮಚದ ಹಿಡಿ ಇಟ್ಟುಕೊಂಡು ಮಾಡಿ ನೋಡಿ. ಎರಡು ದಿನ ಗಂಟಲು ಸ್ವಲ್ಪ ನೋಯುತ್ತದೆ, ಮೂರನೇ ದಿನ ಚಮಚ ಇಲ್ಲದೆಯೇ ಬರುತ್ತದೆ. ನಮ್ಮ ಕಾಯಿದೆ, ರೈತ, ಅರ್ಜಿ, ಇನಾಮು, ನಾಲ್ಕರ ಮೂಲದಲ್ಲೂ ಐನ್ ಇತ್ತು. ದಾರಿಯಲ್ಲಿ ಬಿದ್ದುಹೋಯಿತು. ಐನ್ ಅಂದರೆ ಅರಬ್ಬಿಯಲ್ಲಿ ಕಣ್ಣು ಅಂತಲೂ ಹೌದು.

ನಾಲ್ಕನೇ ಹೆಜ್ಜೆ: ದಪ್ಪ ಸದ್ದುಗಳು

ಅರಬ್ಬಿ ಅಕ್ಷರ ಸೀನ್ (ತೆಳು) ಮತ್ತು ಸಾದ್ (ದಪ್ಪ), ಎರಡೂ ಕನ್ನಡದ ಕಿವಿಗೆ ಸ. ಆದರೆ ಸೈಫ಼್ ಅನ್ನು ತೆಳು ಸ ಇಟ್ಟು ಹೇಳಿದರೆ ಕತ್ತಿ, ದಪ್ಪ ಸ ಇಟ್ಟರೆ ಬೇಸಿಗೆ. ತೀನ್ ತೆಳುವಾದರೆ ಅಂಜೂರ, ದಪ್ಪವಾದರೆ ಕೆಸರು.

ಇಲ್ಲಿ ಕನ್ನಡಿಗರೆಲ್ಲ ಬೀಳುವ ಹಳ್ಳ ಒಂದಿದೆ. ದಪ್ಪ ತ ಅಂದ ಕೂಡಲೇ ಟ ಹಾಕುತ್ತೇವೆ. ತಪ್ಪು. ಟ ಹೇಳಲು ನಾಲಿಗೆ ತುದಿ ಮಡಚಬೇಕು. ದಪ್ಪ ತ ಹೇಳಲು ತುದಿ ಹಲ್ಲಿನ ಹಿಂದೆಯೇ ಇರಬೇಕು, ಎದ್ದೇಳಬೇಕಾದ್ದು ನಾಲಿಗೆಯ ಬುಡ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ತ ಹೇಳುವ ಹಾಗೆ. ಪಕ್ಕದ ಆ ಕೂಡ ಗುಡುಗಿದಂತಾಗುತ್ತದೆ. ನಿಜ ಹೇಳಬೇಕೆಂದರೆ ವ್ಯಂಜನಕ್ಕಿಂತ ಆ ಸ್ವರದ ಬದಲಾವಣೆಯೇ ಕಿವಿಗೆ ಮೊದಲು ಸಿಗುತ್ತದೆ. ಅದನ್ನೇ ಹಿಡಿಯಿರಿ.

ದಾದ್ ಎಂಬ ಅಕ್ಷರದ ಬಗ್ಗೆ ಅರಬರಿಗೆ ಎಷ್ಟು ಹೆಮ್ಮೆ ಅಂದರೆ ತಮ್ಮ ಭಾಷೆಯನ್ನೇ ದಾದ್‌ನ ಭಾಷೆ ಅನ್ನುತ್ತಾರೆ. ಪಾರ್ಸಿಯವರ ಬಾಯಲ್ಲಿ ಅದು ಜ಼ ಆಯಿತು. ನಮಗೆ ಬರುವಾಗ ಜ. ರಂಜಾನ್, ಹಾಜರು, ಅರ್ಜಿ, ಕಾಜಿ, ಕೊನೆಗೆ ನಮ್ಮ ಜಿಲ್ಲೆ ಕೂಡ. ಇವನ್ನೆಲ್ಲ ಅರಬ್ಬಿಯಲ್ಲಿ ಹೇಳುವಾಗ ಜ ತೆಗೆದು ದಪ್ಪ ದ ಹಾಕಬೇಕು: ರಮದಾನ್, ಹಾದಿರ್. ಕನ್ನಡದ ಜಿಲ್ಲಾಧಿಕಾರಿ ಕಚೇರಿ ಬೋರ್ಡಿನ ಮೇಲೆ ದಾದ್ ಅಡಗಿ ಕೂತಿದೆ ಅಂತ ಗೊತ್ತಾದ ದಿನ ನನಗೆ ಈ ಅಕ್ಷರ ಮರೆಯಲೇ ಇಲ್ಲ.

ದಪ್ಪದ ಗುಂಪಿಗೆ ಸೇರದ ಎರಡು ಸದ್ದು ಉಳಿದವು. ನಾಲಿಗೆ ತುದಿ ಹಲ್ಲಿನ ನಡುವೆ ಚಾಚಿ ಗಾಳಿ ಬಿಡುವವು, ಇಂಗ್ಲಿಷಿನ ಥ್ಯಾಂಕ್ಸ್ ಮತ್ತು ದಿಸ್ ಪದದವು. ನಮ್ಮ ಥ, ದ ಸಾಲದು. ನಾಲಿಗೆ ಕಾಣಿಸಬೇಕು.

ಐದನೇ ಹೆಜ್ಜೆ: ಇಲ್ಲಿ ಕಾಲರ್ ಎತ್ತಿಕೊಳ್ಳಿ

ಹ್ರಸ್ವ ದೀರ್ಘ, ಒತ್ತಕ್ಷರ: ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಒದ್ದಾಡುವ ಜಾಗ. ನಮಗೆ ಕಡು ಬೇರೆ, ಕಾಡು ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಅರಬ್ಬಿಯ ಜಮಲ್ ಒಂಟೆ, ಜಮಾಲ್ ಚೆಲುವು. ದರಸ ಅಂದರೆ ಓದಿದ, ದರ್ರಸ ಅಂದರೆ ಓದಿಸಿದ. ಹಮಾಮ್ ಪಾರಿವಾಳ, ಹಮ್ಮಾಮ್ ಬಚ್ಚಲು. ಒಮ್ಮೆ ಕೇಳಿದರೆ ಸಾಕು, ಬಂದುಬಿಡುತ್ತದೆ.

ಅಲ್ ಎಂಬ ಮುಂಪದದ ಲ್ ಕೆಲವು ಸದ್ದಿನ ಮುಂದೆ ಅದರಲ್ಲೇ ಕರಗುತ್ತದೆ. ಅಲ್ ಸಲಾಮು ಹೋಗಿ ಅಸ್ಸಲಾಮು. ಯಾವ ಸದ್ದು? ನಾಲಿಗೆ ತುದಿಯಲ್ಲಿ ಹುಟ್ಟುವ ತ, ದ, ನ, ರ, ಲ, ಸ, ಶ ಬಳಗ, ಒಟ್ಟು 14. ಸಂಧಿ ಓದಿ ಬಂದವರಿಗೆ ಇದನ್ನು ವಿವರಿಸಬೇಕೇ?

ಆರನೇ ಹೆಜ್ಜೆ: ಕದಜ಼ಾನ್‌ದುಸುನ್‌ನ ನಾಲ್ಕು ಸಣ್ಣ ಮುಳ್ಳು

ಸ್ವರ ನಾಲ್ಕೇ: ಅ, ಇ, ಉ, ಒ. ಎ ಹೊರಗಿನ ಪದದಲ್ಲಿ ಮಾತ್ರ. ಅಲ್ಲಿ ಸ್ಕೂಲಿಗೆ ಸಿಕುಲ್, ಬುಕ್ಕಿಗೆ ಬೂಕ್. ಅರಬ್ಬಿಗೆ ಮೂರೇ ಸ್ವರ, ಅದರಲ್ಲಿ ಒ ಇಲ್ಲ. ಹಾಗಾಗಿ ಅರಬ್ಬಿಯಿಂದ ಬಂದವರು ಇಲ್ಲಿ ಒ ಬದಲು ಉ ಹೇಳಿ ಸಿಕ್ಕಿಬೀಳುತ್ತಾರೆ. ನಮಗೆ ಒ ಇದೆ. ತುಟಿಯನ್ನು ಸ್ವಲ್ಪ ಕಡಿಮೆ ದುಂಡಾಗಿಸಿದರೆ ಆಯಿತು.

ಮೊದಲ ಮುಳ್ಳು ಙ. ನಮ್ಮ ವರ್ಣಮಾಲೆಯಲ್ಲಿ ಕೂತಿದೆ, ಬಾಯಿಪಾಠಕ್ಕೆ ಬಿಟ್ಟರೆ ಒಂಟಿಯಾಗಿ ಎಲ್ಲೂ ಬರುವುದಿಲ್ಲ. ಅಲ್ಲಿ ಪದದ ತಲೆಯಲ್ಲೇ ಬರುತ್ತದೆ. ಹೆಸರಿಗೆ ಙರನ್. ಇಸಾಇ ಙರನ್ ನು? ಅಂದರೆ ನಿನ್ನ ಹೆಸರೇನು. ಅಭ್ಯಾಸ ಹೀಗೆ: ಅಂಗಡಿ ಅನ್ನಿ. ಅಂ ಹತ್ತಿರ ನಿಲ್ಲಿಸಿ ಎಳೆಯಿರಿ, ಗ ಬಾರದ ಹಾಗೆ ನೋಡಿಕೊಳ್ಳಿ. ಈಗ ಅದಕ್ಕೆ ಅ ಸೇರಿಸಿ: ಅಂ...ಙ. ಆಮೇಲೆ ಮೊದಲಿನ ಅಂ ಬಿಟ್ಟುಬಿಡಿ. ಕಾಸರಗೋಡಿನ ಕಡೆ ಮಲಯಾಳದ ಮಾಙ್ಙ ಕೇಳಿ ಬೆಳೆದವರಿಗೆ ಇದೆಲ್ಲ ಬೇಕಾಗಿಲ್ಲ.

ಎರಡನೆಯದು ಗಂಟಲ ತಡೆ. ಅರಬ್ಬಿಯಲ್ಲಿ ಅದಕ್ಕೆ ಹಮ್ಜ಼ಾ ಅಂತ ಹೆಸರು, ಅಕ್ಷರ ಎಲ್ಲ ಇದೆ. ಇಲ್ಲಿ ಎರಡು ಅ ನಡುವೆ ಮೇಲೆ ಒಂದು ಸಣ್ಣ ಗುರುತು ಹಾಕಿದ್ದರೆ ಅದನ್ನು ದೀರ್ಘ ಆ ಅಂತ ಓದಬಾರದು, ತಡೆದು ಅ-ಅ ಅನ್ನಬೇಕು. ಮಗು ಒಲೆ ಹತ್ತಿರ ಕೈ ಚಾಚಿದಾಗ ಆ! ಆ! ಅಂತ ತಡೆಯುತ್ತೇವಲ್ಲ, ನಡುವಿನ ಆ ಕಡಿತ.

ಮೂರನೆಯದು ಬ ಮತ್ತು ದ. ಕರಾವಳಿಯ ಕದಜ಼ಾನ್‌ನಲ್ಲಿ ಇವನ್ನು ಗಾಳಿ ಒಳಕ್ಕೆ ಎಳೆದ ಹಾಗೆ ಹೇಳುತ್ತಾರೆ, ಸಿಂಧಿ ಭಾಷೆಯಲ್ಲಿರುವ ಥರ. ಬಂದರೆ ಒಳ್ಳೆಯದು, ಬರದಿದ್ದರೆ ನಮ್ಮ ಬ, ದ ನಡೆಯುತ್ತದೆ. ನಾನು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕನೆಯದೇ ಮಜಾ. ನಮ್ಮ ವ ಅಲ್ಲಿಯೂ ಸಲ್ಲದು, ಇಲ್ಲಿಯೂ ಸಲ್ಲದು. ಅದು ತುಟಿ ದುಂಡು ಮಾಡುವ ವ ಅಲ್ಲ, ಹಲ್ಲು ತುಟಿಗೆ ಉಜ್ಜುವ ವ ಕೂಡ ಅಲ್ಲ, ನಡುವಿನದು. ಅರಬ್ಬಿಗೂ ಬೆಟ್ಟದ ದುಸುನ್‌ಗೂ ತುಟಿ ದುಂಡಾಗಬೇಕು. ಕರಾವಳಿ ಕದಜ಼ಾನ್‌ಗೆ ಹಲ್ಲು ತುಟಿ ಸೇರಿ ಜುಮ್ಮೆನ್ನಬೇಕು. ಕೆಳತುಟಿಗೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ಎರಡು ಊರಿನ ಎಣಿಕೆ

ಕಷ್ಟ ಕಿವಿಯಲ್ಲಿದೆ ಅಂದದ್ದು ಇದಕ್ಕೇ. ಶಾಲೆಯಲ್ಲಿ ಕಲಿಸುವ ಶಿಷ್ಟ ಕದಜ಼ಾನ್‌ದುಸುನ್ ಅನ್ನು 1995ರಲ್ಲಿ ಬುಂದು-ಲಿವನ್ ಎಂಬ ಬೆಟ್ಟದ ಕಡೆಯ ಉಪಭಾಷೆಯ ಮೇಲೆ ಕಟ್ಟಿದರು. 1997ರಿಂದ ಶಾಲೆಗಳಲ್ಲಿ ಬಂತು. ಆದರೆ ಪೆನಾಂಪಾಂಗ್, ಪಾಪಾರ್ ಕಡೆಯ ಕರಾವಳಿಗೆ ಹೋದರೆ ಬೇರೆಯದೇ ಕೇಳುತ್ತದೆ. ಬುಂದು-ಲಿವನ್‌ನಲ್ಲಿ ಒಂದರಿಂದ ಹತ್ತು: ಇಸೊ, ದುಒ, ತೊಲು, ಅಪತ್, ಲಿಮೊ, ಒನೊಮ್, ತುರು, ವಲು, ಸಿಅಮ್, ಹೊಪೊದ್. ಕರಾವಳಿಯಲ್ಲಿ: ಇಸೊ, ದುವೊ, ತೊಹು, ಅಪತ್, ಹಿಮೊ, ಒನೊಮ್, ತೂ, ವಹು, ಸಿಜ಼ಮ್, ಹೊಪೊದ್.

ನಿಧಾನಕ್ಕೆ ನೋಡಿ. ತೊಲು, ತೊಹು. ಲಿಮೊ, ಹಿಮೊ. ವಲು, ವಹು. ಅಲ್ಲಿನ ಲ ಇಲ್ಲಿ ಹ. ತುರು ಹೋಗಿ ತೂ: ರ ಜಾರಿಹೋಗಿದೆ. ಹೆಸರಿಗೆ ಙರನ್ ಹೋಗಿ ಙಾನ್, ಭತ್ತಕ್ಕೆ ಪರಾಇ ಹೋಗಿ ಪಾಇ. ದುಂಡು ತುಟಿಯ ವ ಹೋಗಿ ಹಲ್ಲಿನ ವ. ಸಿಅಮ್ ಹೋಗಿ ಸಿಜ಼ಮ್: ನಡುವೆ ಜ಼ ಬಂದಿದೆ. ಪಾಲು ಹಾಲಾದ, ಪುಲಿ ಹುಲಿಯಾದ ಭಾಷೆಯವರು ನಾವು. ಇದು ನಮಗೆ ಹೊಸ ಆಟವಲ್ಲ. ಈ ನಾಲ್ಕು ಬದಲಾವಣೆ ಕಿವಿಗೆ ಕೂತರೆ ಎರಡು ಊರಿನ ಮಾತನ್ನೂ ಒಂದೇ ಸಲಕ್ಕೆ ಕಲಿತ ಹಾಗೆ. ಕೂರದಿದ್ದರೆ ಪೆನಾಂಪಾಂಗ್ ಸಂತೆಯಲ್ಲಿ ಹಿಮೊ ಅಂದದ್ದು ಐದು ಅಂತ ಗೊತ್ತಾಗದೆ ಬೆಪ್ಪಾಗಿ ನಿಲ್ಲುತ್ತೀರಿ. ನಾನು ನಿಂತಿದ್ದೆ, ಕೈಯಲ್ಲಿ ಬಾಳೆಹಣ್ಣು ಹಿಡಿದು.

ಮಾತಿನ ಜೊತೆ ಇನ್ನೊಂದು ಕೇಳಿಸಿಕೊಳ್ಳಿ: ಮುಂದಿನ ಅ ಹಿಂದಿನ ಒ ಕಾರವನ್ನು ತನ್ನ ಕಡೆ ಎಳೆಯುತ್ತದೆ. ಕೊಯ್ಲು ಮಾಡುವುದಕ್ಕೆ ಮೊಙೊಮೊತ್. ತಿನ್ನುವುದಕ್ಕೆ ಮಙಕನ್. ಪ್ರತ್ಯಯ ಒಂದೇ. ಬೇರು ಒ ದಿಂದ ಶುರುವಾದರೆ ಮೊಙ್, ಅ ದಿಂದಾದರೆ ಮಙ್. ಪ್ರತಿ ವರ್ಷ ಮೇ 30, 31ಕ್ಕೆ ನಡೆಯುವ ಸುಗ್ಗಿ ಹಬ್ಬಕ್ಕೆ ಕಾಮತನ್ ಅಂತ ಹೆಸರು. ಮೊಙೊಮೊತ್‌ನ ಒಳಗಿರುವ ಒಮೊತ್ ಬೇರೇ ಮುಂದೆ ಕೊ, ಕೊನೆಗೆ ಅನ್ ಸೇರಿ, ಒ ಎಲ್ಲ ಅ ಆಗಿ ಈ ಪದ ಆಗಿದೆ. ಅರಬ್ಬಿಯಲ್ಲಿ ಬೇರು ಅಂದರೆ ವ್ಯಂಜನ ಅಂದೆನಲ್ಲ, ಅದೇ ಕಿವಿ ಇಲ್ಲಿ ಬಳಸಿ. ಸ್ವರ ಬಿಟ್ಟು ಮ-ತ ಹುಡುಕಿ. ಎರಡು ಭಾಷೆ ಒಟ್ಟಿಗೆ ಕಲಿತದ್ದಕ್ಕೆ ನನಗೆ ಸಿಕ್ಕ ದೊಡ್ಡ ಲಾಭ ಇದೊಂದೇ.

ಎಂಟನೇ ಹೆಜ್ಜೆ: ದಿನದ ಅರ್ಧ ಗಂಟೆ

ಬೆಳಿಗ್ಗೆ ಹದಿನೈದು ನಿಮಿಷ ಅರಬ್ಬಿ, ಬಾಯಿ ತೆರೆದು, ಬಚ್ಚಲಲ್ಲಿ. ಗಂಟಲಿನ ಸದ್ದಿಗೆ ಬಚ್ಚಲಿನಂಥ ಜಾಗ ಇಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬಾಗಿಲು ಬಡಿಯುತ್ತಾರೆ. ದಿನಕ್ಕೆ ಒಂದು ಜೋಡಿ ಸಾಕು: ಕ಼ಲ್ಬ್ ಕಲ್ಬ್, ನಾಳೆ ತೀನ್ ಜೋಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ. ಆಗಲೇ ಕೇಳಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ರಾತ್ರಿ ಹದಿನೈದು ನಿಮಿಷ ಕದಜ಼ಾನ್‌ದುಸುನ್. ಬಾಯಿ ಮುಚ್ಚಿ, ಕಿವಿ ಮಾತ್ರ. ಹಾಡೋ ಸುದ್ದಿಯೋ ಹಾಕಿ, ಮಾತಾಡುವವರು ಬೆಟ್ಟದವರೋ ಕರಾವಳಿಯವರೋ ಅಂತ ಹೇಳಲು ನೋಡಿ. ಜ಼, ಹಲ್ಲಿನ ವ, ಜಾಸ್ತಿ ಹ ಕೇಳಿದರೆ ಕರಾವಳಿ. ರ, ಲ ಕೇಳಿದರೆ ಬೆಟ್ಟ. ನಮಸ್ಕಾರ ಹೇಳುವಾಗಲೇ ಸಿಕ್ಕಿಬೀಳುತ್ತಾರೆ: ಕೊಪಿವೊಸಿಅನ್ ಅನ್ನುವಾಗ ನಡುವಿನ ವ ದುಂಡಗಿದೆಯೋ, ಹಲ್ಲಿಗೆ ತಾಗಿದೆಯೋ? ಅರ್ಥ ಆಗದಿದ್ದರೂ ಪರವಾಗಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಊರು ಹೇಳಲು ಬರುತ್ತದೆ, ಆಮೇಲೆ ಬಾಯಿ ತೆರೆಯಿರಿ.